ಎರಡು ಅಲಮಾರಿಗಳ ನಡುವಿನ ಜಾಗ

(ಸುರಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ನಮ್ಮಲ್ಲಿ ದತ್ತಿ ಉಪನ್ಯಾಸವೆಂದರೆ ವಚನ, ದಾಸರ ಪದ, ಇಲ್ಲವೇ ಸಗರನಾಡಿನ ಇತಿಹಾಸ. ಮುದನೂರಿನ ದೇವರ ದಾಸಿಮಯ್ಯ, ತಿಂಥಣಿಯ ಮೌನೇಶ್ವರ, ಕೊಡೇಕಲ್ಲಿನ ಬಸವಣ್ಣ ಇವರೆಲ್ಲ ಇದ್ದ ನೆಲ, ಅದು ಸಹಜವೇ. ಹಾಗಾಗಿ ನಾನು ಹದಿನೈದು ವರ್ಷದವರು ಓದುವ ಕಾದಂಬರಿಗಳ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘಟಕರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ "ಆಯ್ತ್ರೀ ಮೇಡಂ, ಮಕ್ಕಳ ಸಾಹಿತ್ಯ ಅಂತ ಹಾಕಸ್ತೀವಿ" ಅಂದರು. ಕರಪತ್ರದಲ್ಲಿ ಹಾಗೆಯೇ ಅಚ್ಚಾಗಿದೆ. ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ.

ಒಂದು ಘಟನೆ ಹೇಳುತ್ತೇನೆ. ನಾನು ಗ್ರಂಥಪಾಲಕಿಯಾಗಿ ಸೇರಿ ಹತ್ತು ವರ್ಷ ಕಳೆದಿತ್ತು. ಪುಸ್ತಕಗಳಿಗೆ ನಂಬರು ಹಾಕುವುದು, ರಟ್ಟು ಕಟ್ಟಿಸುವುದು, ವರ್ಷಕ್ಕೊಮ್ಮೆ ಎಣಿಸಿ ಸಹಿ ಮಾಡುವುದು, ಎಲ್ಲ ಅಚ್ಚುಕಟ್ಟು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಂದು ಕಾದಂಬರಿ ಹಿಡಿದು ಬಂದಳು. "ಇದು ಛಲೋ ಅದೇನ್ರಿ?" ಅಂದಳು. "ಛಲೋ ಅದ, ಒಯ್ಯಿ" ಅಂದೆ. ಮೂರು ದಿನ ಬಿಟ್ಟು ವಾಪಸ್ಸು ತಂದು ಟೇಬಲ್ಲಿನ ಮೇಲಿಟ್ಟಳು. "ಮೇಡಂರಿ, ನೀವು ಇದನ್ನ ಓದಿಲ್ರಿ" ಅಂದಳು. ಪ್ರಶ್ನೆ ಅಲ್ಲ, ತೀರ್ಪು. ಕತೆಯ ಹುಡುಗನ ತಾಯಿ ಎಪ್ಪತ್ತನೇ ಪುಟದಲ್ಲಿ ಸಾಯುತ್ತಾಳಂತೆ. ಈ ಹುಡುಗಿಯ ಅವ್ವ ಆ ವರ್ಷವೇ ತೀರಿಕೊಂಡಿದ್ದಳು. ಊರಿಗೆಲ್ಲ ಗೊತ್ತಿದ್ದ ಸಂಗತಿ, ನನಗೂ ಗೊತ್ತಿತ್ತು. ಪುಸ್ತಕದೊಳಗೆ ಏನಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅವತ್ತು ಸಂಜೆ ಆ ಕಾದಂಬರಿಯನ್ನು ಮನೆಗೆ ಒಯ್ದೆ. ರಾತ್ರಿ ಹನ್ನೊಂದಕ್ಕೆ ಮುಗಿಸಿದೆ. ಪಶ್ಚಾತ್ತಾಪಕ್ಕೆ ಓದಲು ಶುರು ಮಾಡಿದವಳು ಆಮೇಲೆ ರುಚಿ ಹತ್ತಿ ಓದಿದೆ. ಮರುದಿನ ಇನ್ನೊಂದು ಒಯ್ದೆ. ನಲವತ್ತು ದಾಟಿದ ಹೆಂಗಸು ಅಡುಗೆಮನೆಯಲ್ಲಿ ಕೂತು ಹುಡುಗರ ಪುಸ್ತಕ ಓದಿ ಕಣ್ಣೊರೆಸಿಕೊಳ್ಳುವುದನ್ನು ನೋಡಿ ನಮ್ಮ ಮನೆಯವರು "ನಿನಗೇನಾಗ್ಯದ?" ಅಂತ ಕೇಳಿದ್ದುಂಟು. ಏನೂ ಆಗಿರಲಿಲ್ಲ. ಹತ್ತು ವರ್ಷ ತಡವಾಗಿ ಕೆಲಸಕ್ಕೆ ಹಾಜರಾಗಿದ್ದೆ, ಅಷ್ಟೇ.

ಈಗ ಕರಪತ್ರದ ತಕರಾರಿಗೆ ಬರುತ್ತೇನೆ. ನಮ್ಮ ಶಾಲೆಗಳ ಗ್ರಂಥಾಲಯದಲ್ಲಿ ಸಾಮಾನ್ಯವಾಗಿ ಎರಡು ಅಲಮಾರಿ. ಒಂದರಲ್ಲಿ ಮೊಲ, ಆಮೆ, ತೆನಾಲಿ ರಾಮ, ಪುಟ್ಟ ಪದ್ಯಗಳು. ಇನ್ನೊಂದರಲ್ಲಿ ಕುವೆಂಪು, ಕಾರಂತ, ಭೈರಪ್ಪ. ಏಳನೇ ತರಗತಿ ಮುಗಿಸಿದ ಹುಡುಗ ಮೊದಲನೆಯದರ ಕಡೆ ನೋಡಲು ನಾಚುತ್ತಾನೆ, ಎರಡನೆಯದರ ಕಡೆ ನೋಡಲು ಅಂಜುತ್ತಾನೆ. ನಡುವೆ ಜಾಗ ಖಾಲಿ. ಆ ಖಾಲಿ ಜಾಗದಲ್ಲಿ ನಿಂತವರು ಓದುವುದನ್ನೇ ಬಿಡುತ್ತಾರೆ. ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರಕ್ಕೆ ಇಟ್ಟುಕೊಂಡಿರುವ ವಯಸ್ಸು ಒಂಬತ್ತರಿಂದ ಹದಿನಾರು. ಒಂಬತ್ತು ವರ್ಷದ ಕೂಸಿಗೂ ಹದಿನಾರರ ಹುಡುಗಿಗೂ ಒಂದೇ ಅಳತೆಯ ಅಂಗಿ! ಹದಿನಾರರ ಹುಡುಗಿಗೆ ಈ ಭಾಗದಲ್ಲಿ ಮನೆಯವರು ಗಂಡು ನೋಡಲು ಶುರು ಮಾಡಿರುತ್ತಾರೆ. ಅವಳು ಆಗಲೇ ನಾಲ್ಕು ಹಂಗಾಮು ಹತ್ತಿ ಬಿಡಿಸಿರುತ್ತಾಳೆ, ಮೆಣಸಿನಕಾಯಿ ಹರಿದಿರುತ್ತಾಳೆ. ಕೂಲಿಯ ಲೆಕ್ಕದಲ್ಲಿ ದೊಡ್ಡವಳು, ಕತೆಯ ಲೆಕ್ಕದಲ್ಲಿ ಮಾತ್ರ ಮಗು.

ಹಿಂದೆ ಈ ಖಾಲಿ ಜಾಗವನ್ನು ತುಂಬಿದವರು ಯಾರು ಅಂತ ಕೇಳಿದರೆ ವಿಮರ್ಶಕರಿಗೆ ಇಷ್ಟವಾಗದ ಉತ್ತರ ಬರುತ್ತದೆ. ಎನ್. ನರಸಿಂಹಯ್ಯ. ಹೆಚ್ಚು ಓದದ, ಬಸ್ ಕಂಡಕ್ಟರ್ ಕೆಲಸ ಮಾಡಿದ ಮನುಷ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮ ಕತ್ತಲಲ್ಲಿ ಟಾರ್ಚು ಹಿಡಿದು ಹೋಗುವಾಗ ಅವನ ಹಿಂದೆ ಹೋದ ಹುಡುಗರು ಎಷ್ಟು ಮಂದಿ! ನನ್ನ ಅಣ್ಣ ಪಠ್ಯಪುಸ್ತಕದೊಳಗೆ ಅವನ್ನು ಇಟ್ಟುಕೊಂಡು ಓದಿ ಪೆಟ್ಟು ತಿಂದವನು. ಇಂದಿಗೂ ದಿನಾ ಪತ್ರಿಕೆ ಓದುವವರು ನಮ್ಮ ಮನೆತನದಲ್ಲಿ ಅವನೊಬ್ಬನೇ. ಅದಕ್ಕೂ ಮೊದಲು ಗಳಗನಾಥರಿದ್ದರು, ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರಿಗೆ ಒಯ್ದು ಮಾರಿದವರು. ಚಂದಮಾಮ ಇತ್ತು, ಬೇತಾಳ ಬಂದು ಹೆಗಲ ಮೇಲೆ ಕೂತು ಹೋಗುತ್ತಿದ್ದ. ಇವೆಲ್ಲ ಒಂದೊಂದಾಗಿ ಹೋದವು, ಜಾಗ ಮತ್ತೆ ಖಾಲಿಯಾಯಿತು. ಮೊಬೈಲು ಬಂದು ಓದು ಹಾಳಾಯಿತು ಅನ್ನುವವರಿಗೆ ಒಂದೇ ಮಾತು: ಖಾಲಿ ಜಾಗವಿತ್ತು, ಮೊಬೈಲು ಬಂದು ಕೂತಿತು.

ಅಮೆರಿಕದಲ್ಲಿ ಈ ಜಾಗವನ್ನು ತುಂಬಿದ್ದರಲ್ಲಿ ಗ್ರಂಥಪಾಲಕಿಯರ ಪಾಲು ದೊಡ್ಡದು. ಬಾಲ್ಟಿಮೋರ್ ಊರಿನ ಎನಾಕ್ ಪ್ರ್ಯಾಟ್ ಗ್ರಂಥಾಲಯದಲ್ಲಿ ಮಾರ್ಗರೆಟ್ ಎಡ್ವರ್ಡ್ಸ್ ಎಂಬಾಕೆ 1932ರಿಂದ ಮೂವತ್ತು ವರ್ಷ ಹದಿಹರೆಯದವರಿಗಾಗಿಯೇ ದುಡಿದರು. ಕುದುರೆಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಬಡವರ ಓಣಿಗಳಿಗೆ ಹೋದರು. ತಮ್ಮ ಕೈಕೆಳಗೆ ಬರುವ ಹೊಸಬರು ಹುಡುಗರ ಪುಸ್ತಕಗಳನ್ನು ಮೊದಲು ತಾವು ಓದಬೇಕು, ಓದಿ ಬಂದು ತಮ್ಮೆದುರು ಅವುಗಳ ಬಗ್ಗೆ ಮಾತಾಡಬೇಕು ಎಂಬುದು ಆಕೆಯ ಶರತ್ತು. ನನ್ನ ಕೆಲಸದ ಸಂದರ್ಶನದಲ್ಲಿ ಕೇಳಿದ್ದು ಪುಸ್ತಕಗಳಿಗೆ ನಂಬರು ಹಾಕುವ ಡ್ಯೂಯಿ ದಶಮಾಂಶ ಪದ್ಧತಿ ಮಾತ್ರ.

ಇನ್ನೊಂದು ಕತೆ ನನಗೆ ಇನ್ನೂ ಇಷ್ಟ. ಓಕ್ಲಹಾಮಾ ರಾಜ್ಯದ ಟಲ್ಸಾದಲ್ಲಿ ಒಬ್ಬ ಹುಡುಗಿ ತನ್ನ ಶಾಲೆಯ ಹುಡುಗರ ಗುಂಪುಗಳ ಬಡಿದಾಟ ನೋಡುತ್ತ, ಇವರ ಬಗ್ಗೆ ಯಾವ ಪುಸ್ತಕದಲ್ಲೂ ಇಲ್ಲವಲ್ಲ ಎಂದು ಹದಿನೈದನೇ ವಯಸ್ಸಿಗೆ ತಾನೇ ಬರೆಯಲು ಕೂತಳು. 'ದಿ ಔಟ್‌ಸೈಡರ್ಸ್' 1967ರಲ್ಲಿ ಅಚ್ಚಾಯಿತು. ಹೆಣ್ಣುಮಗಳು ಬರೆದದ್ದೆಂದರೆ ವಿಮರ್ಶಕರು ಮೂಗು ಮುರಿದಾರೆಂದು ಪ್ರಕಾಶಕರು ಅವಳ ಹೆಸರಿನ ಮೊದಲಕ್ಷರಗಳನ್ನಷ್ಟೇ ಇಟ್ಟು ಎಸ್. ಇ. ಹಿಂಟನ್ ಎಂದು ಹಾಕಿದರು. ಮುಂದೆ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಹತ್ತಿರದ ಲೋನ್ ಸ್ಟಾರ್ ಶಾಲೆಯಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಜೋ ಎಲೆನ್ ಮಿಸಾಕಿಯನ್, ಬೇರೆ ಯಾವ ಪುಸ್ತಕವನ್ನೂ ಮುಟ್ಟದ ಹುಡುಗರು ಇದನ್ನು ಮಾತ್ರ ಬಿಡುತ್ತಿಲ್ಲವೆಂದು ಗಮನಿಸಿದರು. ಮಕ್ಕಳ ಸಹಿ ಹಾಕಿಸಿ, ಇದನ್ನು ಸಿನಿಮಾ ಮಾಡಿರೆಂದು ಫ್ರಾನ್ಸಿಸ್ ಫೋರ್ಡ್ ಕೊಪೊಲಾಗೆ ಪತ್ರ ಬರೆದರು. 'ಗಾಡ್‌ಫಾದರ್' ಮಾಡಿದ ನಿರ್ದೇಶಕನಿಗೆ! 1983ರಲ್ಲಿ ಸಿನಿಮಾ ಬಂತು, ಆಕೆಗೂ ಆ ಶಾಲೆಗೂ ಅರ್ಪಣೆಯಾಗಿ. ನಾವು ತಾಲ್ಲೂಕು ಕಚೇರಿಗೆ ಒಂದು ಫ್ಯಾನು ಕೇಳಿ ಪತ್ರ ಬರೆಯಲು ನಾಲ್ಕು ಸಲ ಯೋಚಿಸುತ್ತೇವೆ.

ಇರಲಿ. ಕನ್ನಡದಲ್ಲಿ ಏನೂ ಇಲ್ಲವೇ ಎಂದರೆ, ಇದೆ. ನೀವು ಅಂದುಕೊಂಡದ್ದಕ್ಕಿಂತ ಹತ್ತಿರದಲ್ಲಿದೆ. ನಮ್ಮ ಶಹಾಪುರದ ಚಂದ್ರಕಾಂತ ಕರದಳ್ಳಿಯವರ 'ಕಾಡು ಕನಸಿನ ಬೀದಿಗೆ' ಕಾದಂಬರಿಗೆ 2019ರ ಬಾಲ ಸಾಹಿತ್ಯ ಪುರಸ್ಕಾರ ಬಂತು. ಮರುವರ್ಷ ಹ. ಸ. ಬ್ಯಾಕೋಡರ 'ನಾನೂ ಅಂಬೇಡ್ಕರ್', ಅದರ ಮರುವರ್ಷ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'. ಸಾಲಾಗಿ ನಾಲ್ಕು ವರ್ಷ ಕಾದಂಬರಿಗಳೇ. ಕನ್ನಡದ ಮಕ್ಕಳ ಸಾಹಿತ್ಯ ಪದ್ಯ ಮತ್ತು ಸಣ್ಣ ಕತೆಯ ಅಂಗಳದಿಂದ ಹೊರಬಿದ್ದು ಬೀದಿಗೆ ಬರುತ್ತಿರುವ ಗುರುತು ಇದು ಎಂದು ನಾನು ಓದಿಕೊಂಡೆ. ಕರದಳ್ಳಿಯವರು ಇಂದು ನಮ್ಮ ನಡುವೆ ಇಲ್ಲ. ದೆಹಲಿಯ ಪ್ರಶಸ್ತಿ ಶಹಾಪುರದ ಮನೆಗೆ ಬಂದದ್ದು ಪತ್ರಿಕೆಯಲ್ಲಿ ಓದಿದ ಮೇಲೆ, ಆ ಪುಸ್ತಕ ಎಷ್ಟು ಶಾಲೆಗಳಲ್ಲಿ ಇದೆ ಅಂತ ಗುರುತಿನ ಶಿಕ್ಷಕರಿಗೆ ಫೋನು ಮಾಡಿ ಕೇಳಿದೆ. ಎಷ್ಟು ಎಂದು ಇಲ್ಲಿ ಹೇಳಿದರೆ ವೇದಿಕೆಯ ಮೇಲಿರುವವರಿಗೆ ಮುಜುಗರವಾದೀತು.

ಹೆಸರುಗಳನ್ನು ಇಷ್ಟಕ್ಕೆ ಬಿಡುತ್ತೇನೆ. ಪಟ್ಟಿ ಓದಿದರೆ ಯಾವ ಹುಡುಗಿಯ ಕೈಗೂ ಪುಸ್ತಕ ಸೇರುವುದಿಲ್ಲ. ಓದಿದ ಹುಡುಗರು ಏನಂತಾರೆ ಎಂಬುದೇ ಹೇಳಬೇಕಾದದ್ದು.

ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಪುಸ್ತಕವನ್ನು ನಾರಾಯಣಪುರದ ಕಡೆಯ ಹುಡುಗನೊಬ್ಬ ಹೆಸರು ನೋಡಿಯೇ ಎತ್ತಿಕೊಂಡ. ಕೃಷ್ಣೆಗೆ ಕಟ್ಟಿದ ಬಸವಸಾಗರ ಜಲಾಶಯದ ಹಿನ್ನೀರಿನಲ್ಲಿ ಅವನ ಮುತ್ತ್ಯಾನ ಹೊಲ ಹೋಗಿತ್ತು. ಶರಾವತಿಯ ಮುಳುಗಡೆ ಕಂಡು ಬರೆದವರು ಡಿಸೋಜ. ಈ ಹುಡುಗ ಹುಡುಕಿದ್ದು ಕೃಷ್ಣೆಯನ್ನು. ಸಿಗಲಿಲ್ಲ. ಸಿಟ್ಟಿನಿಂದ ಬಂದ. "ನಮ್ಮ ಊರಿಂದು ಯಾಕ ಬರದಿಲ್ರಿ?" ಅಂದ. ಆದರೂ ಪೂರ್ತಿ ಓದಿದ್ದ. ಮುತ್ತ್ಯಾನಿಗೂ ಓದಿ ಹೇಳಿದ್ದನಂತೆ.

ತೇಜಸ್ವಿಯವರ 'ಕರ್ವಾಲೊ' ಹದಿಹರೆಯದವರಿಗೆಂದು ಬರೆದದ್ದಲ್ಲ. ಆದರೆ ಅದರಲ್ಲಿ ಬರುವ ಮಂದಣ್ಣನನ್ನು ನಮ್ಮ ಹುಡುಗರು ತಕ್ಷಣ ಗುರುತು ಹಿಡಿಯುತ್ತಾರೆ, ಏಕೆಂದರೆ ಶಾಲೆಯ ಲೆಕ್ಕದಲ್ಲಿ ಯಾತಕ್ಕೂ ಬಾರದವನು ಅಡವಿಯ ಲೆಕ್ಕದಲ್ಲಿ ವಿಜ್ಞಾನಿಗೇ ಬೇಕಾದವನು. ಇಂಥ ಮಂದಣ್ಣರು ನಮ್ಮ ಪ್ರತಿ ತರಗತಿಯ ಹಿಂದಿನ ಬೆಂಚಿನಲ್ಲಿ ಇಬ್ಬಿಬ್ಬರು ಇದ್ದಾರೆ. ಮಲೆನಾಡಿನ ಪುಸ್ತಕಗಳಲ್ಲಿ ಬರುವ ಇಂಬಳ ಎಂದರೆ ಏನೆಂದು ಮಾತ್ರ ಪ್ರತಿ ವರ್ಷ ಹೇಳಬೇಕು. ಕಪ್ಪು ಮಣ್ಣಿನ ಮಕ್ಕಳಿಗೆ ರಕ್ತ ಹೀರುವ ಹುಳು ಮಳೆಯಲ್ಲಿ ಕಾಲಿಗೆ ಹತ್ತುತ್ತದೆಂದರೆ 'ಕರ್ವಾಲೊ'ದ ಹಾರುವ ಓತಿಗಿಂತ ಅದೇ ದೊಡ್ಡ ಸುಳ್ಳು.

ಮಕ್ಕಳ ದೂರುಗಳೂ ಇವೆ, ಪ್ರಕಾಶಕರು ಕೇಳಿಸಿಕೊಳ್ಳಬೇಕಾದ್ದು. ಮೊದಲನೆಯದು ಮುಖಪುಟ. ಒಳಗೆ ಹದಿನಾಲ್ಕರ ಹುಡುಗನ ಕತೆ, ಹೊರಗೆ ಬಲೂನು ಹಿಡಿದ ಗುಂಡುಗಲ್ಲದ ಕೂಸು. ಮೀಸೆ ಚಿಗುರುವ ಹುಡುಗ ಅದನ್ನು ಕೈಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಾನೆಯೇ? ನಾನು ಅಂಥ ಪುಸ್ತಕಗಳಿಗೆಲ್ಲ ಕಂದು ಕಾಗದದ ರಟ್ಟು ಹಾಕಿದೆ, ಹೊರಗೆ ಹೆಸರು ಮಾತ್ರ ಬರೆದೆ. ಅದೇ ಪುಸ್ತಕ, ಅದೇ ಹುಡುಗರು, ಈಗ ಒಯ್ಯುತ್ತಾರೆ. ಎರಡನೆಯದನ್ನು ಒಬ್ಬ ಹುಡುಗಿಯ ಮಾತಿನಲ್ಲೇ ಹೇಳುವೆ: "ಎಲ್ಲಾ ಛಲೋನ ಇರ್ತದ್ರಿ, ಕಡೀಗಿ ಹೆಡ್‌ಮಾಸ್ತರ್ ಬಂದು ಭಾಷಣ ಮಾಡ್ತಾರ." ಹೌದು. ನಮ್ಮ ಲೇಖಕರಲ್ಲಿ ಹೆಚ್ಚಿನವರು ಶಿಕ್ಷಕರು. ಕೊನೆಯ ಅಧ್ಯಾಯದಲ್ಲಿ ಸೀಮೆಸುಣ್ಣ ಕೈಗೆ ಬಂದುಬಿಡುತ್ತದೆ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪುಸ್ತಕ ವಾಪಸ್ಸು ಬಂದಾಗ ಯಾವ ಪುಟ ಹೆಚ್ಚು ನಲುಗಿದೆ ಎಂದು ನೋಡಿದರೆ ಗೊತ್ತಾಗುತ್ತದೆ. ಪ್ರೀತಿ, ಮೈ ನೆರೆಯುವುದು, ಜಾತಿಯ ಕಾರಣಕ್ಕೆ ನೀರು ಮುಟ್ಟಬೇಡ ಅನ್ನಿಸಿಕೊಂಡ ಅವಮಾನ. ಕೃಷ್ಣೆಯ ಇದೇ ದಂಡೆಯ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ ಆತ್ಮಕಥೆ 'ಗೌರ್ಮೆಂಟ್ ಬ್ರಾಹ್ಮಣ' ನಮ್ಮಲ್ಲಿ ಎರಡು ಸಲ ಹರಿದು ಎರಡು ಸಲ ರಟ್ಟು ಕಟ್ಟಿಸಿಕೊಂಡಿದೆ. ಇದು ಮಕ್ಕಳಿಗೆ ತಕ್ಕದ್ದಲ್ಲ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದಾಗ, ಅದರಲ್ಲಿರುವುದು ಮಕ್ಕಳಿಗೇ ಆದದ್ದಲ್ಲವೇ ಸರ ಅಂದೆ. ಅವರು ನನ್ನೊಂದಿಗೆ ಒಂದು ತಿಂಗಳು ಚಹಾ ಕುಡಿಯಲಿಲ್ಲ.

ಸುರಪುರದಲ್ಲಿ ನಿಂತು ಕಾದಂಬರಿಯ ಮಾತಾಡುವಾಗ ಕಾದಂಬರಿಕಾರ ಮೆಡೋಸ್ ಟೇಲರ್ ಇದ್ದ ಟೇಲರ್ ಮಂಜಿಲ್ ಕಡೆಗೆ ನೋಡದೆ ಇರಲು ಆಗುವುದಿಲ್ಲ. ಬೇರೆ ಊರವರಿಗೆ ಮೆಡೋಸ್ ಟೇಲರ್ ಒಬ್ಬ ಅಧಿಕಾರಿ. ನನಗೆ ಅವನು ಹದಿನೈದನೇ ವಯಸ್ಸಿಗೆ ಹಡಗು ಹತ್ತಿ, ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತಿಕೆಗೆಂದು 1824ರಲ್ಲಿ ಬಂದ ಹುಡುಗ. ಇಂದು ನಮ್ಮ ಹುಡುಗರು ಯಾದಗಿರಿ ಸ್ಟೇಶನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ದುಡಿಯಲಿಕ್ಕೆ ಹೋಗುವುದೂ ಅದೇ ಮುಂಬಯಿಗೆ, ಹೆಚ್ಚುಕಡಿಮೆ ಅದೇ ವಯಸ್ಸಿಗೆ. ಟೇಲರ್ ನಿಜಾಮನ ಚಾಕರಿ ಸೇರಿದ, ಠಕ್ಕರ ಕತೆ ಬರೆದು 1839ರಲ್ಲಿ ಇಂಗ್ಲೆಂಡಿನಲ್ಲಿ ಹೆಸರಾದ, 1841ರಲ್ಲಿ ಸುರಪುರಕ್ಕೆ ಬಂದ. ಗದ್ದುಗೆಯ ಹಕ್ಕುದಾರ ವೆಂಕಟಪ್ಪ ನಾಯಕ ಆಗ ಏಳೆಂಟು ವರ್ಷದ ಬಾಲಕ. ತಂದೆಯಿಲ್ಲ, ರಾಣಿ ಈಶ್ವರಮ್ಮನ ಆಡಳಿತ, ಅರಮನೆ ತುಂಬ ಒಳಜಗಳ. ಈ ಪರದೇಶಿಯನ್ನು ಹುಡುಗ 'ಅಪ್ಪಾ' ಎಂದು ಕರೆಯುತ್ತಿದ್ದ.

1853ರಲ್ಲಿ ಹದಿಹರೆಯ ಮುಗಿಯುವ ಹೊತ್ತಿಗೆ ಹುಡುಗನ ಕೈಗೆ ಸಂಸ್ಥಾನ ಬಂತು, ಟೇಲರ್ ಹೊರಟುಹೋದ. ಐದು ವರ್ಷಕ್ಕೆ ಅದೇ ಹುಡುಗ ಬ್ರಿಟಿಷರ ವಿರುದ್ಧ ಎದ್ದು ನಿಂತ, ಸೋತ, ಹೈದರಾಬಾದಿನಲ್ಲಿ ಸೆರೆ ಸಿಕ್ಕ. ಸೆರೆಯಲ್ಲಿದ್ದವನನ್ನು ಟೇಲರ್ ಹೋಗಿ ಕಂಡ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾವು ಎಂದು ಇವನ ಜಾತಕ ನುಡಿದಿತ್ತೆಂದೂ, ಅದು ಟೇಲರನಿಗೂ ಗೊತ್ತಿತ್ತೆಂದೂ ಅವನ ಆತ್ಮಕಥೆಯಲ್ಲಿ ಇದೆ. ಅವನಿಗೆ ವಿಧಿಸಿದ್ದ ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಚೆಂಗಲ್‌ಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ತಾನೇ ಹೊಡೆದುಕೊಂಡ ಎನ್ನುತ್ತದೆ ಬ್ರಿಟಿಷರ ದಾಖಲೆ, ಕೊಂದರು ಎನ್ನುವವರು ನಮ್ಮಲ್ಲಿ ಇದ್ದಾರೆ.

ಇದನ್ನು ಎಂಟನೇ ತರಗತಿಗೆ ಹೀಗೆ ಹೇಳಿದಾಗ ಗದ್ದಲ ನಿಂತುಹೋಯಿತು. ಅವರಿಗೆ ಗೊತ್ತಿದ್ದ ವೆಂಕಟಪ್ಪ ನಾಯಕ ಭಾಷಣಗಳಲ್ಲಿ ಬರುವವನು, ಹಾರ ಹಾಕಿಸಿಕೊಳ್ಳುವವನು, ನಾಲ್ಕು ಅಂಕದ ಪ್ರಶ್ನೆಗೆ ಉತ್ತರವಾಗುವವನು. ಅಪ್ಪ ಎಂದು ಕರೆದವನ ಜನರ ಮೇಲೆಯೇ ಕತ್ತಿ ಎತ್ತಬೇಕಾದ ಹುಡುಗನನ್ನು ಅವರು ಕಂಡಿರಲಿಲ್ಲ. ಒಬ್ಬ ಕೇಳಿದ: "ಅವನಿಗಿ ಅಂಜಿಕಿ ಆಗಿರಲಿಲ್ಲೇನ್ರಿ?" ಇತಿಹಾಸದ ಪುಸ್ತಕ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಅದು ಕಾದಂಬರಿಯ ಕೆಲಸ. ಹದಿಹರೆಯದ ಕಾದಂಬರಿ ಅಂದರೆ ನನ್ನ ಪಾಲಿಗೆ ಇಷ್ಟೇ: ಅಂಜಿಕೆ ಆಗಿತ್ತೋ ಇಲ್ಲವೋ ಎಂದು ಆ ವಯಸ್ಸಿನವರ ಒಳಗೆ ಕೂತು ನೋಡುವುದು. ಪ್ರೌಢರ ಕತೆ, ಕಾದಂಬರಿಗಳಲ್ಲೂ ಹುಡುಗರಿರುತ್ತಾರೆ, ಅನಂತಮೂರ್ತಿಯವರ 'ಘಟಶ್ರಾದ್ಧ'ದ ಹುಡುಗನನ್ನು ಯಾರು ಮರೆತಾರು! ಆದರೆ ಅಲ್ಲಿ ಹುಡುಗ ದೊಡ್ಡವರ ಲೋಕವನ್ನು ನೋಡುವ ಕಣ್ಣು. ನಾನು ಹೇಳುತ್ತಿರುವ ಪುಸ್ತಕಗಳಲ್ಲಿ ಅವನೇ ನಿರ್ಧಾರ ಮಾಡಬೇಕು, ತಪ್ಪು ಮಾಡಬೇಕು. ಇಂಥ ನಿರ್ಧಾರಗಳನ್ನು ನಮ್ಮ ಹುಡುಗಿಯರು ನಿಜದಲ್ಲಿ ದಿನಾ ಮಾಡುತ್ತಿದ್ದಾರೆ. ಈ ವರ್ಷ ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಡುವುದೋ, ಅವ್ವ ಅಪ್ಪನ ಜೊತೆ ಪುಣೆಗೆ ಹೋಗುವುದೋ, ಮದುವೆ ಬೇಡ ಅನ್ನುವುದೋ. ನಿರ್ಧಾರಕ್ಕೆ ಮುಂಚೆ ಒಂದು ಕತೆಯಲ್ಲಾದರೂ ಅದನ್ನು ತಾಲೀಮು ಮಾಡಿ ನೋಡಲು ಅವರಿಗೆ ಅವಕಾಶ ಬೇಡವೇ?

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ, ಹೆಣ್ಣುಮಕ್ಕಳದು ಶೇ. 41.38. ಈ ಅಂಕಿ ಹೇಳಿದ ಕೂಡಲೇ ಎಲ್ಲರೂ ಅಕ್ಷರ ಕಲಿಸುವ ಮಾತಾಡುತ್ತಾರೆ. ಕಲಿತ ಅಕ್ಷರ ಉಳಿಯುವುದು ಹೇಗೆ ಎಂಬುದರ ಮಾತು ಕಡಿಮೆ. ಹತ್ತನೇ ತರಗತಿಯ ಗೈಡಿನಿಂದ ಅಕ್ಷರ ಉಳಿಯುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ 'ಓದುವ ಬೆಳಕು' ಕಾರ್ಯಕ್ರಮ ಬಂದು ಆರರಿಂದ ಹದಿನೆಂಟರವರೆಗಿನವರಿಗೆ ಉಚಿತ ಸದಸ್ಯತ್ವ ಸಿಕ್ಕಿದೆ, ಒಳ್ಳೆಯದಾಗಿದೆ. ಆದರೆ ಬಹುತೇಕ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರೇ ಇಲ್ಲ. ಹಿಂದಿ ಮೇಷ್ಟ್ರಿಗೋ ಪಿ.ಟಿ. ಮೇಷ್ಟ್ರಿಗೋ ಬೀಗದ ಕೈ. ಪುಸ್ತಕ ಕಳೆದರೆ ಚಾರ್ಜು ಕೊಡುವಾಗ ತಮ್ಮ ಸಂಬಳದಿಂದ ಕಟ್ಟಬೇಕಾದೀತೆಂಬ ಭಯಕ್ಕೆ ಅವರು ಬೀಗ ತೆಗೆಯುವುದಿಲ್ಲ. ಅವರನ್ನು ಬೈಯಲಾರೆ. ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು 1931ರಷ್ಟು ಹಿಂದೆಯೇ ತಮ್ಮ ಪುಸ್ತಕದಲ್ಲಿ, ಪುಸ್ತಕ ಇರುವುದು ಬಳಕೆಗೆ ಎಂದು ಮೊದಲ ಸೂತ್ರ ಬರೆದರು. ಆಡಿಟ್ ಮಾಡುವವರು ಆ ಪುಸ್ತಕ ಓದಿದಂತಿಲ್ಲ.

ನನ್ನದೂ ಒಂದು ಸೋಲು ಹೇಳಿಬಿಡುತ್ತೇನೆ. ಹಿಂಟನ್ ಕತೆ ಹೇಳಿ, ನೀವೂ ನಿಮ್ಮ ಕತೆ ಬರೆಯಿರಿ ಎಂದು ಹುರುಪಿನಿಂದ ಇಪ್ಪತ್ತು ನೋಟ್‌ಬುಕ್ ಹಂಚಿದೆ. ಹತ್ತಿ ಹೊಲ, ರೈಲು, ಮುಳುಗಿದ ಊರು ಎಲ್ಲ ಬಂದೀತೆಂದು ಕಾದೆ. ಹದಿಮೂರರಲ್ಲಿ ಗಣಿತದ ಲೆಕ್ಕ ಇತ್ತು. ಐದು ವಾಪಸ್ಸು ಬರಲೇ ಇಲ್ಲ. ಎರಡರಲ್ಲಿ ಬೆಂಗಳೂರಿನ ಹುಡುಗಿ, ಬೈಕಿನ ಹುಡುಗ, ಸಿನಿಮಾದಲ್ಲಿ ಇರುವ ಹಾಗೆಯೇ. ತಮ್ಮಂಥವರು ಕತೆಯಲ್ಲಿ ಇರಬಹುದೆಂದು ತೋರಿಸುವಷ್ಟು ಪುಸ್ತಕ ಕೊಡದೆ ಬರೆಯಿರೆಂದರೆ ಅವರಾದರೂ ಏನು ಮಾಡಿಯಾರು? ಗಣಿತದ ಮೇಷ್ಟ್ರಿಗೆ ಮಾತ್ರ ಆ ನೋಟ್‌ಬುಕ್‌ಗಳು ಭಾಳ ಉಪಯೋಗಕ್ಕೆ ಬಂದವು.

ಮಾತು ಉದ್ದವಾಯಿತು. ಉಪ್ಪಿಟ್ಟಿನ ವಾಸನೆ ಬರುತ್ತಿದೆ, ಮಕ್ಕಳ ಗಮನ ಆಗಲೇ ಆ ಕಡೆ ಹೋಗಿದೆ. ಬಾಗಿಲ ಹತ್ತಿರದ ಟೇಬಲ್ಲಿನ ಮೇಲೆ ನನ್ನ ಎರಡು ಚೀಲ ಇವೆ. ಮೂವತ್ತೊಂದು ಪುಸ್ತಕ, ಎಲ್ಲ ನನ್ನ ದುಡ್ಡಿನವು, ಯಾವ ರಿಜಿಸ್ಟರಿನಲ್ಲೂ ಇಲ್ಲ, ಸಹಿ ಬೇಕಿಲ್ಲ. ಮಕ್ಕಳು ಬೇಕಾದ್ದು ಒಯ್ಯಬಹುದು. ಶಿಕ್ಷಕರು ಒಯ್ದರೆ ಮೊದಲು ತಾವು ಓದಿ ಆಮೇಲೆ ಕೊಡಬೇಕು. ಯಾರಾದರೂ ಹುಡುಗಿ ಬಂದು "ನೀವು ಇದನ್ನ ಓದೀರೇನ್ರಿ" ಅಂತ ಕೇಳಿಯೇ ಕೇಳುತ್ತಾಳೆ. ಕರದಳ್ಳಿಯವರ ಪುಸ್ತಕ ಒಂದೇ ಪ್ರತಿ ಇದೆ. ಶಹಾಪುರದವರು, ಸುರಪುರದವರು ಅದಕ್ಕೆ ಜಗಳ ತೆಗೆಯಬೇಡಿರಿ.